ತೋರಿಸುವ ಹಲ್ಲು

ಚಮಚದ ಹಿಡಿಯಿಂದ ಮೆಲ್ಲಗೆ ಬಡಿದಾಗ ಹಲ್ಲು ಟಣ್ ಎನ್ನಲಿಲ್ಲ. ಅವಳು ಬಚ್ಚಲಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಉಸಿರನ್ನೂ ಹಿಡಿದು ಇನ್ನೊಮ್ಮೆ ಬಡಿದಳು. ಡಬ್. ಒಳಗೆ ಯಾರೋ ಹೊದ್ದು ಮಲಗಿರುವ ಕೋಣೆಯ ಬಾಗಿಲು ತಟ್ಟಿದ ಹಾಗೆ. ಪಕ್ಕದ ಹಲ್ಲು, ಅಂದರೆ ಅವಳದೇ ಹಲ್ಲು, ಬಡಿದರೆ ಯಾವತ್ತೂ ಮಂಕಾಗಿಯೇ ಸದ್ದು ಮಾಡುತ್ತಿತ್ತು. ಹುಟ್ಟಿನ ಹಲ್ಲಿಗೂ ಮೂಳೆಗೂ ನಡುವೆ ತೆಳ್ಳನೆಯದೊಂದು ಮೆತ್ತೆ ಇರುತ್ತದೆ, ಅದು ಸದ್ದನ್ನು ನುಂಗಿಕೊಳ್ಳುತ್ತದೆ. ಮೇಲಿನ ಸಾಲಿನ ಈ ಮುಂದಿನ ಹಲ್ಲು ಹಾಗಲ್ಲ. ಇದು ಮೂಳೆಯೊಳಗೆ ಇಳಿಸಿದ ಲೋಹದ ತಿರುಪಿನ ಮೇಲೆ ಕೂತ ಇಂಪ್ಲಾಂಟ್. ಮೂಳೆ ಅದನ್ನು ಕಚ್ಚಿ ಹಿಡಿದಿರುವ ತನಕ ಅದು ಗಾಜಿನ ಲೋಟದ ಹಾಗೆ ನುಡಿಯಬೇಕು. ನುಡಿಯಲಿಲ್ಲವೆಂದರೆ ಮೂಳೆ ಕೈಬಿಟ್ಟಿದೆ ಎಂದರ್ಥ. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಈ ಹಲ್ಲು ಹಾಕಿದ ದಂತವೈದ್ಯರ ಕ್ಲಿನಿಕ್ಕಿನಲ್ಲೇ ಕೆಲಸಕ್ಕಿದ್ದು ಇಷ್ಟು ವರ್ಷ ನಿಂತ ಕಾಲಿನಲ್ಲಿ ಕೇಳಿಸಿಕೊಂಡದ್ದು. ನಾಲಿಗೆಯ ತುದಿಯಿಂದ ಹಿಂದಿನಿಂದ ತಳ್ಳಿದಳು. ಹಲ್ಲು ಮುಂದಕ್ಕೆ ವಾಲಿ, ಹೇಳಿದ ಮಾತು ಕೇಳುವ ಸೊಸೆಯಂತೆ ಮತ್ತೆ ಸ್ವಸ್ಥಾನಕ್ಕೆ ಬಂತು. ನಾಲಿಗೆಗೆ ತುಕ್ಕಿನ ರುಚಿ ತಾಗಿತು.

“ಏನೇ, ಒಳಗೆ ಮನೆ ಕಟ್ತಿದೀಯಾ?” ಅತ್ತೆ ಹೊರಗಿನಿಂದ ಬಾಗಿಲು ಗುದ್ದಿದರು. ಕೈಯಲ್ಲಿ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ನೀರಿನ ಬಟ್ಟಲೊಳಗೆ ತೇಲುತ್ತಿರಬೇಕು. ಬೊಚ್ಚು ಬಾಯಿಯ ಮಾತಿನಲ್ಲಿ ಗಾಳಿಯೇ ಹೆಚ್ಚು. “ನಂದಾದ್ರೆ ತೆಗೆದು ತೊಳೆದು ಇಟ್ಟು ಮಲ್ಕೋತೀನಿ. ನಿನ್ನದು ನೋಡು, ತೆಗೆಯೋಕೂ ಆಗಲ್ಲ, ಬಿಡೋಕೂ ಆಗಲ್ಲ. ದೊಡ್ಡವರ ಹಲ್ಲು!”

ಅವಳು ಅಡುಗೆಮನೆಯಲ್ಲಿ ನಿಂತೇ ಅನ್ನ ಕಲಸಿ ಬಲದವಡೆಯ ಕಡೆಯಿಂದ ಮಾತ್ರ ಅಗಿಯುತ್ತಿದ್ದಾಗ ಗಂಡ ಅವಳ ಮುಖವನ್ನೇ ನೋಡುತ್ತಿದ್ದ. “ರಾತ್ರಿ ಎಲ್ಲಾ ಯಾರನ್ನ ಅಗೀತಿದ್ದೆ ಮಾರಾಯ್ತಿ? ಕಟಕಟ ಅಂತ, ಪಕ್ಕದಲ್ಲಿ ಇಲಿ ಮಲಗಿಸಿಕೊಂಡ ಹಾಗಿತ್ತು.” ಈ ಗಂಡನೇ ಒಮ್ಮೆ ಸ್ನೇಹಿತರನ್ನೆಲ್ಲ ಕೂರಿಸಿಕೊಂಡು, ‘ನನ್ನ ಹೆಂಡತಿ ಬಾಯಲ್ಲಿ ಡಾಕ್ಟರು ಕೂತಿದಾರೆ ಕಣ್ರಯ್ಯಾ, ಒಂದು ಮುತ್ತು ಕೊಡಬೇಕಂದ್ರೂ ಅಪಾಯಿಂಟ್‌ಮೆಂಟ್ ತಗೋಬೇಕು’ ಎಂದಿದ್ದ. ಎಲ್ಲರೂ ಹೋ ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ನಕ್ಕಾಗ ಆ ಹಲ್ಲೇ ಎಲ್ಲರ ಕಣ್ಣಿಗೆ ಬಿದ್ದಿತ್ತು. ಒಬ್ಬ ‘ಇದೇನಾ ಅದು?’ ಎಂದು ಬೆರಳು ತೋರಿಸಿದ್ದ. ಅಂದಿನಿಂದ ನಗು ಬಂದರೆ ಅವಳ ಕೈ ತಾನಾಗಿಯೇ ಬಾಯಿಗೆ ಬರುತ್ತಿತ್ತು. ಕ್ಲಿನಿಕ್ಕಿನಲ್ಲಿ ಮಾತ್ರ ಆ ಕೈಗೆ ಅಪ್ಪಣೆಯಿರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಗಾಳಿಗಾಗಿ ತಿರುಗಿಸಿದಳೋ, ತನ್ನ ಬಾಯಿಯ ವಾಸನೆಗೋ? ಇವಳು ತುಟಿ ಬಿಗಿದು ಮೂಗಿನಿಂದ ಉಸಿರಾಡಿದಳು. ವಸಡಿನಿಂದ ಕೀವು ಜಿನುಗತೊಡಗಿದ್ದು ಈಚೆಗೆ, ಆದರೆ ರಕ್ತ ಬಹಳ ಹಿಂದಿನಿಂದ ಬರುತ್ತಿತ್ತು. ಒಂದು ಮಧ್ಯಾಹ್ನ ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ, ಡಾಕ್ಟರು ಕೈ ಒರೆಸಿಕೊಳ್ಳುತ್ತಿದ್ದಾಗ, ‘ಸಾರ್, ಇಲ್ಲಿ ಉಜ್ಜಿದಾಗ ರಕ್ತ ಬರುತ್ತೆ’ ಎಂದಿದ್ದಳು. ‘ನೋಡೋಣಮ್ಮಾ, ನೋಡೋಣ, ಮುಂದಿನವರನ್ನ ಕಳಿಸು’ ಎಂದಿದ್ದರು. ಮತ್ತೆ ಹೇಳಿದಾಗಲೂ ನೋಡೋಣ. ಅಷ್ಟು ಮಾತ್ರಕ್ಕೆ ಅವರನ್ನು ಕೆಟ್ಟವರೆನ್ನಲಾಗುವುದಿಲ್ಲ ಎಂದು ಅವಳು ತನಗೆ ತಾನೇ ಅಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವುದೂ ಅವಳ ಕೆಲಸದ ಒಂದು ಭಾಗವೇ ಆಗಿಹೋಗಿತ್ತು. ಇಂಪ್ಲಾಂಟ್ ಹಾಕಿಸಿಕೊಂಡ ಪ್ರತಿಯೊಬ್ಬರನ್ನೂ ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಕರೆಸುವವಳು ಅವಳು. ‘ಬನ್ನಿ, ವಸಡು ನೋಡಬೇಕು, ಸುತ್ತ ಕಟ್ಟಿದ ಪಾಚಿ ತೆಗೀಬೇಕು, ಎಕ್ಸ್‌ರೇ ತೆಗೆದು ಮೂಳೆ ಎಷ್ಟಿದೆ ನೋಡಬೇಕು’ ಎಂದು ಅದೇ ಜೇನಿನಂಥ ದನಿಯಲ್ಲಿ. ಹಾಗೆ ತಪ್ಪದೆ ಬಂದವರು ವರ್ಷಗಟ್ಟಲೆ ಕಡಲೆಯನ್ನೂ ಕಡಿದುಕೊಂಡು ಆರಾಮಾಗಿದ್ದರು, ಅದು ಸುಳ್ಳಲ್ಲ. ತನಗೆ ತಾನು ಫೋನ್ ಮಾಡಿಕೊಂಡು ಕರೆಸುವುದು ಹೇಗೆ? ಆ ಕುರ್ಚಿಯಲ್ಲಿ ಕೂರಬೇಕೆಂದರೆ ಅದು ಖಾಲಿಯಿರಬೇಕು, ಖಾಲಿಯಾಗದಂತೆ ನೋಡಿಕೊಳ್ಳುವುದೇ ಅವಳ ಉದ್ಯೋಗ.

ಮೊದಲಿದ್ದ ಹುಟ್ಟಿನ ಹಲ್ಲು ಹೋದದ್ದು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ. ಮೇಲಿನ ಮಹಡಿಗೆ ಸಾಮಾನು ಸಾಗಿಸುವ ದಿನ, ಹಲ್ಲಿನ ಅಚ್ಚು ಹುಯ್ಯುವ ಗಾರೆಪುಡಿಯ ಚೀಲವನ್ನು ಹೊತ್ತು ಏರುತ್ತಿದ್ದವಳು ಜಾರಿ ಕಬ್ಬಿಣದ ಕಂಬಿಗೆ ಮುಖ ಕೊಟ್ಟಳು. ಬಿಳಿ ಪುಡಿಯ ಮೇಲೆ ಕೆಂಪು ಬಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮೊದಲು ಹೊಳೆದದ್ದು ಹಲ್ಲು ಹೋಯಿತು ಎಂದಲ್ಲ, ಪುಡಿ ಹಾಳಾಯಿತು, ಬೈಯುತ್ತಾರೆ ಎಂದು. ಡಾಕ್ಟರು ಬೈಯಲಿಲ್ಲ. ಬಿಟ್ಟಿಯಾಗಿ ಇಂಪ್ಲಾಂಟ್ ಹಾಕಿದರು. ನೀನೆಷ್ಟು ಪುಣ್ಯ ಮಾಡಿದ್ದೆ ಎಂದರು ಎಲ್ಲರೂ. ಕೆಲಸದ ಜಾಗದಲ್ಲಿ ಮುರಿದದ್ದನ್ನು ಕೆಲಸ ಕೊಟ್ಟವರು ಸರಿಮಾಡಿಸಬೇಕಾದದ್ದು ನ್ಯಾಯ ಎಂದು ಒಬ್ಬರೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ನ್ಯಾಯವಾಗಿ ಸಿಗಬೇಕಾದದ್ದು ಉಡುಗೊರೆಯಾಗಿ ಬಂದರೆ ಅದು ಕೊರಳಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ತೋರಿಸುವುದು ಶುರುವಾಯಿತು.

ತೋರಿಸುವುದಕ್ಕೆ ಒಂದು ಕ್ರಮವಿತ್ತು. ಕುರ್ಚಿಯಲ್ಲಿ ಕೂತ ರೋಗಿ ಹಿಂದೆಮುಂದೆ ನೋಡತೊಡಗಿದರೆ ಡಾಕ್ಟರು, “ಬಾಮ್ಮಾ, ಸ್ವಲ್ಪ ತೋರ್ಸು” ಎನ್ನುತ್ತಿದ್ದರು. ಅವಳು ಹೋಗಿ ದೀಪದ ಕೆಳಗೆ ಮುಖ ಎತ್ತಿ ಎರಡು ಬೆರಳಿನಿಂದ ಮೇಲಿನ ತುಟಿಯನ್ನು ಮಡಿಸಿ ಹಿಡಿಯಬೇಕು. ‘ಇದರಲ್ಲಿ ಯಾವುದು ನಾನು ಹಾಕಿದ್ದು ಹೇಳಿ?’ ರೋಗಿ ತಪ್ಪು ಹಲ್ಲು ತೋರಿಸಿದಷ್ಟೂ ಡಾಕ್ಟರಿಗೆ ಖುಷಿ. ಆಮೇಲೆ ಬಾಯೊಳಗೆ ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲಿಗೆ ಬಡಿಯುತ್ತಿದ್ದರು. ಟಣ್. ‘ಕೇಳಿದ್ರಾ? ಅದು ಗಟ್ಟಿತನ!’ ಕೆಲವರು ತಾವೇ ಮುಟ್ಟಿ ನೋಡುತ್ತಿದ್ದರು. ಒಬ್ಬ ಹೆಂಗಸು ಉಗುರಿನಿಂದ ಕೆರೆದು, ಆಮೇಲೆ ಬೆರಳನ್ನು ಕರವಸ್ತ್ರಕ್ಕೆ ಎರಡೆರಡು ಸಲ ಒರೆಸಿಕೊಂಡಿದ್ದಳು. ಬೆರಳು ಒರೆಸಿದ ಆ ಕರವಸ್ತ್ರದ ನೀಲಿ ಅಂಚು ಯಾಕೋ ಮರೆಯುವುದಿಲ್ಲ. ಹಲ್ಲಿನ ಅಚ್ಚು ಒಯ್ಯಲು ಬರುವ ಲ್ಯಾಬಿನವನು ಅವಳನ್ನು ‘ಸ್ಯಾಂಪಲ್ ಅಕ್ಕಾ’ ಎಂದೇ ಕರೆಯುತ್ತಿದ್ದ. ಅವಳು ಕೌಂಟರಿನಲ್ಲಿ ಮಾಸ್ಕ್ ಹಾಕಿಕೊಳ್ಳುವಂತಿರಲಿಲ್ಲ. ಹೀಗೆ ದಿನಾ ತೋರಿಸಿದ ಹಲ್ಲನ್ನು ಇಷ್ಟು ವರ್ಷಗಳಲ್ಲಿ ಒಬ್ಬರೂ ಒಂದು ಸಲವೂ ನೋಡಿರಲಿಲ್ಲ.

ಇವತ್ತು ಅವಳು ಮಾಸ್ಕ್ ಹಾಕಿಕೊಂಡೇ ಕೂತಳು. “ನೆಗಡಿ ಸಾರ್” ಎಂದಳು. ಡಾಕ್ಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ರೋಗಿ ಬಂದಾಗ ತೆಗಿ. ಅಂಗಡಿ ಬಾಗಿಲು ಹಾಕ್ಕೊಂಡು ವ್ಯಾಪಾರ ಆಗುತ್ತಾ?” ಎಂದು ನಗುತ್ತ ಒಳಗೆ ಹೋದರು.

ಮೊದಲು ಬಂದವರು ಕ್ಲಾರಿನೆಟ್ ನುಡಿಸುವವರೊಬ್ಬರು. ಉದ್ದನೆಯ ಕಪ್ಪು ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು. ಬ್ಯಾಂಡಿನಲ್ಲಿ ಊದುತ್ತಿದ್ದವರು, ಮೇಲಿನ ಎರಡು ಮುಂದಿನ ಹಲ್ಲು ಹೋದ ಮೇಲೆ ಊದುವುದು ನಿಂತಿದೆ. ವಾದ್ಯದ ಬಾಯಿ ಕೂರುವುದೇ ಆ ಎರಡು ಹಲ್ಲಿನ ಮೇಲೆ. “ತೆಗೆದು ಹಾಕೋ ಸೆಟ್ಟು ಹಾಕಿಸ್ಕೊಂಡೆ ಸಿಸ್ಟರ್,” ಎಂದರು, ಅವಳ ಕೌಂಟರಿನ ಕಡೆ ಬಾಗಿ. “ಊದಿದ್ರೆ ರಾಗ ಬರೋಕ್ಕಿಂತ ಮೊದಲು ಹಲ್ಲೇ ಹೊರಗೆ ಬಂತು. ಡ್ರಮ್ಮಿನವನು ಇನ್ನೂ ನಗ್ತಾ ಇದಾನೆ.” ತಾವೂ ನಕ್ಕರು, ಕೈಯಿಂದ ಬಾಯಿ ಮುಚ್ಚಿಕೊಂಡು. ಆ ಕೈ ಮೇಲೇರುವ ರೀತಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. “ಬೇರೆ ಒಬ್ಬನ್ನ ಹುಡುಕ್ತಿದಾರೆ ನನ್ನ ಜಾಗಕ್ಕೆ. ಇದೊಂದು ಸರಿಹೋದ್ರೆ ಸಾಕು. ಈ ಸ್ಕ್ರೂ ಹಾಕೋ ಹಲ್ಲು ಬಾಳಿಕೆ ಬರುತ್ತಾ? ನಿಜ ಹೇಳಿ.”

ಅವಳ ಬಾಯಿ ತಾನೇ ಮಾತಾಡತೊಡಗಿತು. ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆರಡು ಸಲ ಉಜ್ಜಬೇಕು. ವಸಡಿನ ಸಂದಿಯಲ್ಲಿ ದಾರ ಎಳೆಯಬೇಕು, ಇಲ್ಲವೇ ಬಾಟಲಿ ತೊಳೆಯುವಂಥದೇ ಪುಟಾಣಿ ಬ್ರಷ್ ಆಡಿಸಬೇಕು. ಬೀಡಿ ಸಿಗರೇಟು ಕೂಡದು. ಹಲ್ಲಿನಿಂದ ಮುಚ್ಚಳ ಕೀಳುವುದು, ದಾರ ಕಡಿಯುವುದು ಕೂಡದು. ಆರು ತಿಂಗಳಿಗೊಮ್ಮೆ ಬರಲೇಬೇಕು. ನೋಡಿಕೊಂಡರೆ ಇಪ್ಪತ್ತು ವರ್ಷ, ಅದಕ್ಕಿಂತ ಹೆಚ್ಚೂ ಬರುತ್ತದೆ. ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಆದರೂ ತನ್ನ ದನಿ ಬೇರೆ ಯಾರದೋ ಬಾಯಿಂದ ಬಂದ ಹಾಗೆ ಕೇಳಿಸಿತು. ಇವಳೂ ಹಾಗೆಲ್ಲ ಮಾಡಿದ್ದಳಲ್ಲ? ಮನೆಯವರೆಲ್ಲ ಮಲಗಿದ ಮೇಲೂ ಬಚ್ಚಲ ಕನ್ನಡಿಯ ಮುಂದೆ ನಿಂತು ಆ ಹಲ್ಲಿನ ಸುತ್ತ ದೇವರ ಮೂರ್ತಿ ತೊಳೆದಂತೆ ತೊಳೆದಿದ್ದಳು. ‘ನಮ್ಮ ಪಾತ್ರೆನೂ ಹೀಗೆ ತಿಕ್ಕು’ ಎಂದು ಅತ್ತೆ ಕೊಂಕು ನುಡಿದಿದ್ದರು. ತಾನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದಳು. ಇನ್ನೊಬ್ಬರು ಮಾಡಬೇಕಾದದ್ದು ಒಂದಿತ್ತು, ಅದು ಆಗಿರಲಿಲ್ಲ. ಇದನ್ನು ಇವರಿಗೆ ಹೇಳುವುದು ಯಾವ ಬಾಯಿಂದ?

“ಒತ್ತಡ ತಡೆಯುತ್ತಾ? ಊದೋವಾಗ ಇಲ್ಲಿ ಒತ್ತುತ್ತೆ,” ಎಂದರು ಅವರು.

“ಡಾಕ್ಟರನ್ನ ಕೇಳಿ ಅಣ್ಣಾ,” ಎಂದಳು. ಯಾಕೆಂದರೆ ಅವಳಿಗೆ ಗೊತ್ತಿತ್ತು: ಹುಟ್ಟಿನ ಹಲ್ಲಿಗೆ ಎಷ್ಟು ಒತ್ತಿತು ಎಂದು ತಿಳಿಯುತ್ತದೆ, ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ದವಡೆಯನ್ನು ತಡೆದು ನಿಲ್ಲಿಸುತ್ತದೆ. ಇದಕ್ಕೆ ಆ ಅರಿವಿಲ್ಲ. ಅದು ಹೇಳುವುದೇ ಇಲ್ಲ, ಎಷ್ಟು ಹೊರಿಸಿದರೂ ಹೊರುತ್ತದೆ, ಒಂದು ದಿನ ಬುಡಸಮೇತ ಬರುವ ತನಕ. ಅವಳಿಗೆ ಆ ಹಲ್ಲಿನ ಮೇಲೆ ಒಮ್ಮೆಲೇ ಅಸಹ್ಯವಾಯಿತು, ಮತ್ತೆ ಮರುಗಳಿಗೆಯಲ್ಲೇ ಕನಿಕರವೆನಿಸಿತು.

ಒಳಗಿನಿಂದ ಕರೆ ಬಂತು. “ಬಾಮ್ಮಾ, ಸ್ವಲ್ಪ ತೋರ್ಸು.”

ಮಾಸ್ಕ್ ಇಳಿಸಿಕೊಂಡು ದೀಪದ ಕೆಳಗೆ ನಿಂತಳು. ಕ್ಲಾರಿನೆಟ್‌ನವರು ಕುರ್ಚಿಯಲ್ಲಿ ಅರ್ಧ ಮಲಗಿ, ಕೊರಳಿಗೆ ಕಟ್ಟಿದ ಕಾಗದದ ಹೊದಿಕೆಯೊಡನೆ ಅವಳನ್ನೇ ನೋಡುತ್ತಿದ್ದರು, ಕಣ್ಣಲ್ಲಿ ಅಷ್ಟೂ ಆಸೆ. ಅವಳು ತುಟಿ ಮಡಿಸಿದಳು. ‘ಯಾವುದು ಹೇಳಿ?’ ಎಂಬ ಪ್ರಶ್ನೆಗೆ ಅವರು ತಪ್ಪು ಹಲ್ಲನ್ನೇ ತೋರಿಸಿದರು. ಡಾಕ್ಟರು ಅವರ ಮುಖವನ್ನೇ ನೋಡುತ್ತ, ಇವಳ ಬಾಯಿಯನ್ನು ನೋಡದೆ, ರೂಢಿಯ ಕೈಯಿಂದ ಕನ್ನಡಿಯ ಹಿಡಿ ಬಡಿದರು.

ಡಬ್.

“ಕೇಳಿದ್ರಾ? ಅದು ಗಟ್ಟಿ...”

“ಶ್ರುತಿ ಸರಿಯಿಲ್ಲವಲ್ಲ ಡಾಕ್ಟ್ರೇ,” ಎಂದರು ಕ್ಲಾರಿನೆಟ್‌ನವರು. ತಲೆಯನ್ನು ಒಂದು ಕಡೆಗೆ ಓರೆ ಮಾಡಿದ್ದರು. “ಗಟ್ಟಿ ವಸ್ತು ಹೀಗೆ ನುಡಿಯಲ್ಲ. ಸೀಳುಬಿಟ್ಟ ಕೊಳವೆ ಹೀಗೆ ಸದ್ದು ಮಾಡುತ್ತೆ.”

ಆಗ ಮೊದಲ ಸಲ ಡಾಕ್ಟರ ಕಣ್ಣು ಅವಳ ಬಾಯಿಯ ಕಡೆಗೆ ತಿರುಗಿತು. ಹೆಬ್ಬೆರಳಿನಿಂದ ವಸಡನ್ನು ಒತ್ತಿದರು. ಹಳದಿ ಹನಿಯೊಂದು ಹೊರಬಂದದ್ದು ಅವಳಿಗೆ ಕಾಣಲಿಲ್ಲ, ಕ್ಲಾರಿನೆಟ್‌ನವರ ಮುಖದಲ್ಲಿ ಕಂಡಿತು. “ಅಲ್ಲಾಡ್ತಿದೆ ಸಾರ್,” ಎಂದಳು ಅವಳು, ಡಾಕ್ಟರ ಬೆರಳು ಬಾಯಲ್ಲಿರುವಾಗಲೇ. ಮಾತು ಮುದ್ದೆಯಾಗಿ ಬಂತು, ಆದರೂ ನಿಲ್ಲಿಸಲಿಲ್ಲ. “ತುಂಬಾ ದಿನದಿಂದ ರಕ್ತ ಬರ್ತಿತ್ತು. ಹೇಳಿದ್ದೆ. ಅಣ್ಣಾ, ಇದು ಚೆನ್ನಾಗಿರಬೇಕು ಅಂದ್ರೆ ಇವರು ಆಗಾಗ ನೋಡಬೇಕು. ಇದನ್ನ ಯಾರೂ ನೋಡ್ಲಿಲ್ಲ. ನಾನು ಕೆಲಸದವಳು ಅಂತ ನೋಡ್ಲಿಲ್ಲ.”

ಆಯಿತು, ಹೇಳಿಬಿಟ್ಟಳು. ಈಗ ಏನಾದರೂ ಬಿದ್ದು ಒಡೆಯಬೇಕಿತ್ತು. ಏನೂ ಒಡೆಯಲಿಲ್ಲ. ಡಾಕ್ಟರು ಗ್ಲೌಸು ಕಳಚಿ, ಹೊಸದು ಹಾಕಿಕೊಂಡು, ದೊಡ್ಡದಾಗಿ ನಿಟ್ಟುಸಿರು ಬಿಟ್ಟರು, ಕೈಮೀರಿದ ಮಗಳ ವಿಷಯ ಹೇಳುವ ತಂದೆಯ ಹಾಗೆ. “ನೋಡಿದ್ರಾ? ಇದನ್ನೇ ನಾನು ಹೇಳೋದು. ನನ್ನ ಹತ್ರಾನೇ ಕೆಲಸ, ನನ್ನ ಕೈಯಿಂದಾನೇ ಹಾಕಿದ್ದು. ಎಲ್ಲರಿಗೂ ಪಾಠ ಹೇಳೋಳು ಇವಳೇ. ತಾನು ಮಾಡಲ್ಲ! ಸರಿಯಾಗಿ ಉಜ್ಜದೆ ಹೋದ್ರೆ ಎಂಥ ಇಂಪ್ಲಾಂಟೂ ಹೀಗೇ ಆಗೋದು. ರಾತ್ರಿ ಹಲ್ಲು ಬೇರೆ ಕಡೀತಾಳಂತೆ.”

ರಾತ್ರಿ ಹಲ್ಲು ಕಡಿಯುವುದನ್ನು ಅವಳೇ ಒಮ್ಮೆ ನಗಾಡುತ್ತ ಅವರಿಗೆ ಹೇಳಿದ್ದಳು. ಅದನ್ನು ಅವರು ಮರೆತಿರಲಿಲ್ಲ. ರಕ್ತ ಬಂದದ್ದನ್ನು ಮರೆತಿದ್ದರು.

ಅವಳು ಕ್ಲಾರಿನೆಟ್‌ನವರ ಕಡೆ ನೋಡಿದಳು. ಅವರ ಕಣ್ಣು ಅವಳ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಮೂಲೆಯಲ್ಲಿಟ್ಟ ಕಪ್ಪು ಪೆಟ್ಟಿಗೆಯ ಮೇಲೆ ಹೋಯಿತು, ಅಲ್ಲಿಂದ ಡಾಕ್ಟರ ಮೇಲೆ. ಆ ಮುಖದಲ್ಲಿ ಲೆಕ್ಕಾಚಾರ ನಡೆಯುವುದು ಅವಳಿಗೆ ಕಾಣಿಸುತ್ತಿತ್ತು. ಇವಳ ಮಾತು ನಂಬಿದರೆ ಪೆಟ್ಟಿಗೆ ಮತ್ತೆ ತೆರೆಯುವುದಿಲ್ಲ. ಡಾಕ್ಟರ ಮಾತು ನಂಬಿದರೆ ತೆರೆಯುತ್ತದೆ. ಸದ್ದು ಸುಳ್ಳೆಂದು ಮೊದಲು ಹಿಡಿದ ಕಿವಿಯೇ ಈಗ ಮುಚ್ಚಿಕೊಂಡಿತು. “ಏನು ಸಿಸ್ಟರ್,” ಎಂದರು, ನೋಯಿಸಬಾರದೆಂಬ ಮೆದುದನಿಯಲ್ಲಿ, “ಇಲ್ಲೇ ಇದ್ಕೊಂಡು ಹೀಗೆ ಮಾಡ್ಕೊಂಡ್ರಲ್ಲ. ನನಗೆ ಸಿಕ್ಕಿದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಿದ್ದೆ.” ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅದೇ ಹೆಚ್ಚು ಸಂಕಟವಾದದ್ದು. ಅವರಿಗೂ ಬೇರೆ ದಾರಿ ಇರಲಿಲ್ಲ. ಇಬ್ಬರನ್ನೂ ಒಂದೇ ಕೋಣೆಗೆ ಕೂಡಿಹಾಕಿ, ಬೀಗದಕೈಯನ್ನು ಮೂರನೆಯವರು ಜೇಬಿನಲ್ಲಿಟ್ಟುಕೊಂಡ ಹಾಗಿತ್ತು.

ಅವರು ಹೆಂಡತಿಯನ್ನು ಕರೆದುಕೊಂಡು ಮಧ್ಯಾಹ್ನ ಬರುತ್ತೇನೆಂದು ಹೋದರು. ಉಪಕರಣ ಕುದಿಸುವ ಒಳಕೋಣೆಯಲ್ಲಿ ಅವಳು ಇಕ್ಕಳಗಳನ್ನು ಒರೆಸಿ ಜೋಡಿಸುತ್ತಿದ್ದಾಗ ಡಾಕ್ಟರು ಬಾಗಿಲಿಗೆ ಒರಗಿ ನಿಂತರು. ಕೈಯಲ್ಲಿ ಕಾಫಿ ಲೋಟ. “ಬೇಜಾರು ಮಾಡ್ಕೋಬೇಡಮ್ಮಾ. ರೋಗಿ ಮುಂದೆ ಹಾಗೆಲ್ಲಾ ಮಾತಾಡಬಾರದು ಅಷ್ಟೆ.”

“ತೆಗೆದುಬಿಡಿ ಸಾರ್. ಇವತ್ತೇ ತೆಗೆದುಬಿಡಿ.”

“ತೆಗೆಯೋಣ. ಅವಸರ ಏನು? ಒಂದು ಮಾತ್ರೆ ಬರ್ಕೊಡ್ತೀನಿ. ನಿಜ ಹೇಳ್ಬೇಕಂದ್ರೆ,” ಕಾಫಿ ಹೀರಿ, ಹೊಸದೇನೋ ಹೊಳೆದವರ ಹಾಗೆ ಮುಖ ಅರಳಿಸಿದರು, “ಇದೂ ಒಳ್ಳೇದೇ ಆಯ್ತು. ನೋಡಿಕೊಳ್ಳದೇ ಇದ್ರೆ ಏನಾಗುತ್ತೆ ಅಂತ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಕಣ್ಣಾರೆ ನೋಡ್ಬೇಕು. ಇಂಥ ಕೇಸು ತೋರಿಸೋಕೆ ಬೇಕಂದ್ರೂ ಸಿಗಲ್ಲ. ಸ್ವಲ್ಪ ದಿನ ಇರಲಿ.”

ಅವರು ಹೋದ ಮೇಲೂ ಕಾಫಿಯ ವಾಸನೆ ಕೋಣೆಯಲ್ಲಿ ಉಳಿಯಿತು. ಅವಳು ಇಕ್ಕಳ ಒರೆಸುತ್ತಲೇ ಇದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದೇನೆಂದು ತಡವಾಗಿ ತಿಳಿಯಿತು. ಗಟ್ಟಿಯಿದ್ದಾಗ ಅದು ಅವರ ಕೈಚಳಕ. ಸಡಿಲವಾದಾಗ ಅವಳ ಕೊಳಕುತನ. ಎರಡಕ್ಕೂ ತುಟಿ ಮಡಿಸಿ ಹಿಡಿಯಬೇಕಾದ ಬೆರಳು ಮಾತ್ರ ಅವಳದೇ. ಸತ್ಯ ಹೇಳಿದರೆ ಗೋಡೆಯಲ್ಲಿ ಬಾಗಿಲು ತೆರೆದೀತು ಎಂದುಕೊಂಡಿದ್ದಳು. ಗೋಡೆ ಸ್ವಲ್ಪ ಪಕ್ಕಕ್ಕೆ ಸರಿದು, ಸತ್ಯಕ್ಕೂ ಒಂದು ಜಾಗ ಮಾಡಿಕೊಟ್ಟು, ಮತ್ತೆ ಮುಚ್ಚಿಕೊಂಡಿತ್ತು. ಇನ್ನು ಏನು ಹೇಳಿದರೂ ಅದೂ ಒಂದು ಕೇಸೇ. ಅತ್ತೆಯ ಬಟ್ಟಲು ನೆನಪಾಯಿತು, ನೀರಿನಲ್ಲಿ ತೇಲುವ ಆ ಅಗ್ಗದ ಗುಲಾಬಿ ಬಣ್ಣದ ಸೆಟ್ಟು. ಅದನ್ನು ಬಾಯಿಂದ ತೆಗೆದಾಗ ಅತ್ತೆಯ ಮುಖ ಕುಸಿದು ವಿಕಾರವಾಗುತ್ತದೆ, ಆದರೆ ಆ ಹೊತ್ತಿನಲ್ಲೇ ಮನೆಯಲ್ಲಿ ಯಾರಿಗೂ ಹೆದರದೆ ಮಾತಾಡುತ್ತಾರೆ.

ಹೊರಗೆ ಬಾಗಿಲ ಗಂಟೆ, ಕ್ಲಾರಿನೆಟ್‌ನವರ ದನಿ, ಜೊತೆಗೊಂದು ಹೆಣ್ಣುದನಿ. “ಕೆಟ್ಟು ಹೋಗಿರೋದೂ ಒಂದು ಇದೆಯಂತಲ್ಲ, ಅದನ್ನ ಮೊದಲು ನೋಡ್ಬೇಕು ನಾನು,” ಎನ್ನುತ್ತಿತ್ತು ಅದು. “ಬಾಮ್ಮಾ!” ಡಾಕ್ಟರು ಕೂಗಿದರು. “ಸ್ವಲ್ಪ ತೋರ್ಸು ಬಾ.”

ಅವಳು ಗೋಡೆಯ ಕನ್ನಡಿಯ ಮುಂದೆ ನಿಂತಳು. ಹತ್ತಿಬಟ್ಟೆಯ ತುಂಡೊಂದನ್ನು ಮಡಿಸಿ ಹಲ್ಲನ್ನು ಹಿಡಿದಳು. ಆ ಕಡೆ ಒತ್ತಿದಳು, ಈ ಕಡೆ ಒತ್ತಿದಳು. ನೋವಾಗುತ್ತದೆಂದು ಕಾದಳು. ಹಲ್ಲು ನೋಯಲಿಲ್ಲ, ಅದು ಅವಳದಾಗಿದ್ದರೆ ತಾನೇ? ವಸಡು ಮಾತ್ರ ಬೆಂಕಿ ಇಟ್ಟ ಹಾಗೆ ಉರಿಯಿತು. ಕಣ್ಣು ಮುಚ್ಚಿ ಕೆಳಕ್ಕೆ ಎಳೆದಳು. ಕೆಸರಿನಿಂದ ಕಾಲು ಕಿತ್ತಂಥ ಸಣ್ಣ ಸದ್ದು ತಲೆಯೊಳಗೆ ಆಯಿತು, ಬಾಯಿ ಬೆಚ್ಚಗೆ ತುಂಬಿಕೊಂಡಿತು. ಬೆರಳ ನಡುವೆ ಬಿಳಿ ಹಲ್ಲು, ಅದರ ಕೆಳಗೆ ಬೂದು ಬಣ್ಣದ ತಿರುಪು, ತಿರುಪಿನ ಸುತ್ತುಗಳಲ್ಲಿ ಕೆಂಪು. ಇಷ್ಟು ವರ್ಷ ಎಲ್ಲರೂ ನೋಡಿದ್ದರ ಈ ಅರ್ಧವನ್ನು ಅವಳೂ ನೋಡಿರಲಿಲ್ಲ. ಎಷ್ಟು ಚಿಕ್ಕದು! ಮರದ ಆಟಿಕೆಗೆ ಹಾಕುವ ಸ್ಕ್ರೂವಿನಷ್ಟು. ಹೊಸ ಬಟ್ಟೆಯ ತುಂಡನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ನಡೆದಳು.

ಕುರ್ಚಿಯ ಪಕ್ಕದ ಸ್ಟೀಲ್ ಟ್ರೇಯ ಮೇಲೆ ಕೈಯೆತ್ತಿ, ಬೆರಳು ಬಿಟ್ಟಳು.

ಟಣ್.

ಶುದ್ಧವಾಗಿತ್ತು ಸದ್ದು. ಕ್ಲಾರಿನೆಟ್‌ನವರ ತಲೆ ತಾನಾಗಿ ಓರೆಯಾಯಿತು; ಅವರು ಹೆಂಡತಿಯ ತೋಳು ಹಿಡಿದುಕೊಂಡರು. ಅವಳು ಬಟ್ಟೆಯನ್ನು ಸ್ವಲ್ಪ ಸರಿಸಿ, “ಇದನ್ನ ಇಟ್ಕೊಂಡು ತೋರ್ಸಿ ಸಾರ್,” ಎಂದಳು. ಖಾಲಿ ಜಾಗದಿಂದ ಗಾಳಿ ಸೀಟಿಯಂತೆ ಬಂತು, ಅತ್ತೆಯ ಮಾತಿನ ಹಾಗೇ.

“ಏನಮ್ಮಾ ಇದು, ತಲೆ ಕೆಟ್ಟಿದೆಯಾ?” ಡಾಕ್ಟರು ಎದ್ದು ನಿಂತಿದ್ದರು. ಬಟ್ಟೆ ಕೆಂಪಾಗುತ್ತ ಗಲ್ಲದ ಕಡೆಗೆ ಇಳಿಯುತ್ತಿತ್ತು. ಅವರು ದೀಪವನ್ನು ಅವಳ ಕಡೆಗೆ ತಿರುಗಿಸಿದರು, ಕನ್ನಡಿ ಎತ್ತಿಕೊಂಡರು. “ಕೂತ್ಕೋ ಇಲ್ಲಿ. ಬಾಯಿ ತೆಗಿ. ನೋಡೋಣ.”

ಈಗ ನಿಜಕ್ಕೂ ನೋಡುವವರ ದನಿ ಅದು. ಅವಳು ತುಟಿಗಳನ್ನು ಒಂದರ ಮೇಲೊಂದು ಒತ್ತಿ ನಿಂತಳು. ರಕ್ತವನ್ನು ನುಂಗಿದಳು, ಬಿಸಿಯಾಗಿತ್ತು, ಅವಳದೇ ಆಗಿತ್ತು. ಹಿಂದೆ ಕೌಂಟರಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅದನ್ನು ಎತ್ತಬೇಕಾದವಳು ಅವಳೇ. ಎತ್ತಿದರೆ ಬಾಯಿ ತೆರೆಯಬೇಕು, ಅದೇ ಜೇನಿನಂಥ ದನಿಯಲ್ಲಿ ಹೇಳಬೇಕು. ಮೂವರೂ ಅವಳನ್ನೇ ನೋಡುತ್ತಿದ್ದರು. ಫೋನ್ ನಿಂತಿತು, ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು. ಅವಳು ದೀಪದ ಬೆಳಕಿನ ಅಂಚಿನಲ್ಲಿ, ಕುರ್ಚಿಗೂ ಬಾಗಿಲಿಗೂ ನಡುವೆ, ಬಾಯಿ ಮುಚ್ಚಿಕೊಂಡು ನಿಂತೇ ಇದ್ದಳು.